ಸದ್ದಿಗೆ ಎದುರು ಸದ್ದು: ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಸ್ತುವಿನ ಬಗ್ಗೆ ಇದ್ದವು. ಅದೇ, ಹೊರಗಿನ ಗದ್ದಲವನ್ನು ಅಡಗಿಸುವ ಹೆಡ್‌ಫೋನ್. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಗದ್ದಲದ ಮೇಲೆ ಇನ್ನೊಂದು ಸದ್ದು ಹಾಕಿ ಗದ್ದಲ ಕಡಿಮೆ ಮಾಡ್ತಾರೆ ಅಂತ ಓದಿದೆ. ಇಬ್ಬರು ಒಟ್ಟಿಗೆ ಕೂಗಿದರೆ ಸದ್ದು ಜಾಸ್ತಿಯೇ ಆಗುತ್ತಲ್ವಾ? ಇದು ಹೇಗೆ ಸಾಧ್ಯ?

ಉತ್ತರ: ಇಬ್ಬರು ಸುಮ್ನೆ ಕೂಗಿದರೆ ಜಾಸ್ತಿಯೇ ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಇಲ್ಲಿ ಗುಟ್ಟು ಇರುವುದು ಎರಡನೆಯ ಸದ್ದು ಯಾವ ಗಳಿಗೆಯಲ್ಲಿ ಬರುತ್ತದೆ ಅನ್ನುವುದರಲ್ಲಿ.

ಸದ್ದು ಅಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ಒತ್ತಡ ಒಂಚೂರು ಏರುತ್ತದೆ, ಒಂಚೂರು ಇಳಿಯುತ್ತದೆ, ಮತ್ತೆ ಏರುತ್ತದೆ. ಅದು ಕಿವಿತಮಟೆಯನ್ನು ಒಳಕ್ಕೂ ಹೊರಕ್ಕೂ ಅಲುಗಿಸಿದಾಗ ನಮಗೆ ಸದ್ದು ಕೇಳುತ್ತದೆ. ಜೋಕಾಲಿ ಜೀಕುವುದನ್ನು ನೆನಪು ಮಾಡಿಕೊಳ್ಳಿ. ಅದು ಮುಂದೆ ಹೋಗುವಾಗ ತಳ್ಳಿದರೆ ಇನ್ನೂ ಮೇಲೆ ಹೋಗುತ್ತದೆ, ನಿಮ್ಮ ಕಡೆಗೆ ಬರುವಾಗ ಅಷ್ಟೇ ಬಲದಿಂದ ತಳ್ಳಿದರೆ ನಿಂತುಬಿಡುತ್ತದೆ. ಎರಡರಲ್ಲೂ ನೀವು ಮಾಡಿದ್ದು ತಳ್ಳುವ ಕೆಲಸವೇ, ಬದಲಾಗಿದ್ದು ಗಳಿಗೆ ಮಾತ್ರ. ಸದ್ದಿನಲ್ಲೂ ಹೀಗೆಯೇ. ಹೊರಗಿನ ಅಲೆ ಒತ್ತಡವನ್ನು ಏರಿಸುವ ಕ್ಷಣದಲ್ಲೇ ಹೆಡ್‌ಫೋನಿನ ಸ್ಪೀಕರ್ ಅಷ್ಟೇ ಒತ್ತಡವನ್ನು ಇಳಿಸಿದರೆ, ಕಿವಿತಮಟೆಯ ಮುಂದೆ ಏರೂ ಇಲ್ಲ, ಇಳಿತವೂ ಇಲ್ಲ.

ಇದಕ್ಕೆ ಬೇಕಾದ ಸಾಮಾನು ಮೂರೇ: ಮೈಕ್, ಚಿಪ್, ಸ್ಪೀಕರ್. ಮೈಕನ್ನು ಎರಡು ಕಡೆ ಇಡಬಹುದು. ಕಿವಿಯನ್ನು ಮುಚ್ಚುವ ಬಟ್ಟಲಿನಂಥ ಭಾಗ, ಅಂದರೆ ಕಪ್ಪಿನ ಹೊರಮೈಯಲ್ಲಿಟ್ಟರೆ ಗದ್ದಲ ಒಳಗೆ ಬರುವ ಮೊದಲೇ ಸುದ್ದಿ ಸಿಗುತ್ತದೆ, ಸಿದ್ಧತೆಗೆ ಒಂದು ಚೂರು ಸಮಯವೂ ಸಿಗುತ್ತದೆ. ಆದರೆ ಕಿವಿಯ ಹತ್ತಿರ ಕೊನೆಗೆ ಏನಾಯಿತು ಅಂತ ಆ ಮೈಕಿಗೆ ಗೊತ್ತಾಗುವುದಿಲ್ಲ. ಕಪ್ಪಿನ ಒಳಗೆ, ಸ್ಪೀಕರ್ ಎದುರಿಗೇ ಇಟ್ಟರೆ ಕಿವಿಗೆ ಬೀಳುತ್ತಿರುವುದೇ ಅದಕ್ಕೂ ಕೇಳುತ್ತದೆ, ಉಳಿದ ಸದ್ದನ್ನು ತಿದ್ದುತ್ತಾ ಹೋಗಬಹುದು. ಆದರೆ ಅತಿಯಾಗಿ ತಿದ್ದಲು ಹೋದರೆ ತನ್ನ ಸದ್ದನ್ನೇ ತಾನು ಕೇಳಿಸಿಕೊಂಡು ಕೀಂಯ್ ಅನ್ನಲು ಶುರುಮಾಡುತ್ತದೆ, ಸಭೆಗಳಲ್ಲಿ ಮೈಕ್ ಕೂಗುವ ಹಾಗೆಯೇ. ಈಗಿನ ಒಳ್ಳೆಯ ಹೆಡ್‌ಫೋನ್‌ಗಳಲ್ಲಿ ಎರಡೂ ಕಡೆ ಮೈಕ್ ಇರುತ್ತದೆ.

ಪ್ರಶ್ನೆ: ಹೊಸ ಹೆಡ್‌ಫೋನ್ ತಗೊಂಡೆ. ಎಸಿ, ಫ್ಯಾನಿನ ಸದ್ದು ಪೂರ್ತಿ ಮಾಯ. ಆದರೆ ಪಕ್ಕದಲ್ಲಿ ಕೂತವರ ಮಾತು ಕೇಳುತ್ತಲೇ ಇರುತ್ತೆ, ಕೆಲವು ಸಲ ಮೊದಲಿಗಿಂತ ಸ್ಪಷ್ಟವಾಗಿ. ಪೀಸ್ ಕೆಟ್ಟಿದೆಯಾ?

ಉತ್ತರ: ಇಲ್ಲ, ಸರಿಯಾಗಿಯೇ ಕೆಲಸ ಮಾಡುತ್ತಿದೆ. ಜಾಸ್ತಿ ಜನ ಕೇಳಿದ್ದು ಇದನ್ನೇ. ಇದು ಅರ್ಥವಾದರೆ ಈ ಹೆಡ್‌ಫೋನ್ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದೂ ತಾನಾಗಿಯೇ ಅರ್ಥವಾಗುತ್ತದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎದುರು ಸದ್ದು ಸರಿಯಾದ ಗಳಿಗೆಗೆ ಬರಬೇಕು ಅಂದೆನಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹೊರಗಿನ ಮೈಕಿನಿಂದ ಒಳಗಿನ ಸ್ಪೀಕರ್ ಹತ್ತಿರಕ್ಕೆ 2 ಸೆಂಟಿಮೀಟರ್ ದೂರ ಅಂತ ಇಟ್ಟುಕೊಂಡರೆ, ಸದ್ದು ಅಷ್ಟನ್ನು ದಾಟಲು ತೆಗೆದುಕೊಳ್ಳುವುದು ಬರೀ 58 ಮೈಕ್ರೋಸೆಕೆಂಡ್. ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ತುಂಡು ಮಾಡಿದರೆ ಅದರಲ್ಲಿ 58 ತುಂಡು. ಅಷ್ಟರೊಳಗೆ ಮೈಕ್ ಕೇಳಿಸಿಕೊಳ್ಳಬೇಕು, ಚಿಪ್ ಲೆಕ್ಕ ಹಾಕಬೇಕು, ಸ್ಪೀಕರಿನ ಪರದೆ ಅಲುಗಬೇಕು. ಒಂಚೂರು ತಡ ಆಗಿಯೇ ಆಗುತ್ತದೆ.

ಉದಾಹರಣೆಗೆ 50 ಮೈಕ್ರೋಸೆಕೆಂಡ್ ತಡವಾಯಿತು ಅನ್ನಿ. ಎಂಜಿನ್ನಿನ ಗುಂಯ್ ಅನ್ನುವ ದಪ್ಪ ಸದ್ದು ಸುಮಾರು 100 ಹರ್ಟ್ಸ್ ಅಂದುಕೊಳ್ಳೋಣ, ಅಂದರೆ ಸೆಕೆಂಡಿಗೆ ನೂರು ಸಲ ಏರಿಳಿತ. ಅದರ ಒಂದು ಸುತ್ತಿಗೆ 10,000 ಮೈಕ್ರೋಸೆಕೆಂಡ್ ಬೇಕು. ಆ ಸುತ್ತಿನ ಮುಂದೆ 50 ಏನೂ ಅಲ್ಲ, ಇನ್ನೂರನೇ ಒಂದು ಭಾಗ. ಅಲೆಗೆ ಅಲೆ ಸರಿಯಾಗಿ ಎದುರಾಗಿ, ಲೆಕ್ಕದ ಪ್ರಕಾರ ಒತ್ತಡದಲ್ಲಿ ಶೇಕಡ 3ರಷ್ಟು ಮಾತ್ರ ಉಳಿಯುತ್ತದೆ. 1000 ಹರ್ಟ್ಸ್‌ಗೆ ಬನ್ನಿ. ಸುತ್ತು ಚಿಕ್ಕದಾಯಿತು, ಅದೇ 50 ಮೈಕ್ರೋಸೆಕೆಂಡ್ ಈಗ ಇಪ್ಪತ್ತನೇ ಒಂದು ಭಾಗ, ಹಾಗಾಗಿ ಶೇಕಡ 31 ಉಳಿಯಿತು. 5000 ಹರ್ಟ್ಸ್‌ನ ಕೀರಲು ಸದ್ದಿಗೆ ಒಂದು ಸುತ್ತು ಅಂದರೆ ಬರೀ 200 ಮೈಕ್ರೋಸೆಕೆಂಡ್. ಇಲ್ಲಿ ನಾವು ಕಾಲು ಸುತ್ತು ಹಿಂದೆ ಬಿದ್ದೆವು. ಈಗ ಎದುರು ಸದ್ದು ಎದುರಾಗಿಯೇ ಉಳಿದಿಲ್ಲ, ಜೋಕಾಲಿಯನ್ನು ತಪ್ಪು ಗಳಿಗೆಯಲ್ಲಿ ತಳ್ಳಿದ ಹಾಗಾಗಿ ಸದ್ದು ಶೇಕಡ 41ರಷ್ಟು ಜಾಸ್ತಿಯಾಗುತ್ತದೆ! ಒಂದು ಸುತ್ತಿನ ಆರನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಲಾಭದ ಬದಲು ನಷ್ಟ, ಇದು ಗಣಿತ ಹಾಕಿದ ಗೆರೆ. ಹಾಗಾಗಿ ತಯಾರಕರು ಎತ್ತರದ ಸದ್ದಿನ ಗೋಜಿಗೇ ಹೋಗುವುದಿಲ್ಲ. ಚಿಪ್ ಜೋರಾಗಿ ಕೆಲಸ ಮಾಡುವುದು ಸಾಮಾನ್ಯವಾಗಿ 1000 ಹರ್ಟ್ಸ್‌ಗಿಂತ ಕೆಳಗೆ. ಅದರ ಮೇಲಿನದನ್ನು ತಡೆಯುವುದು ಕಪ್ಪು ಮತ್ತು ಅದರ ಕುಶನ್. ಕೀರಲು ಸದ್ದನ್ನು ತಡೆಯಲು ಒಳ್ಳೆಯ ಕುಶನ್ ಸಾಕು, ದಪ್ಪ ಸದ್ದು ಅದನ್ನು ದಾಟಿ ಬರುತ್ತದೆ. ಒಬ್ಬರಿಗೆ ಆಗದ್ದನ್ನು ಇನ್ನೊಬ್ಬರು ಮಾಡುವ ಈ ಜೋಡಿಯನ್ನು ಕಂಡರೆ ನನಗೆ ತುಂಬಾ ಇಷ್ಟ.

ಈಗ ಪಕ್ಕದವರ ಮಾತು. ಮಾತಿನ ಸ್ವರಗಳ ದಪ್ಪ ಭಾಗ ಕೆಳಗಿರುತ್ತದೆ, ಅದು ತಕ್ಕಮಟ್ಟಿಗೆ ಅಡಗುತ್ತದೆ. ಆದರೆ ಮಾತನ್ನು ಅರ್ಥ ಮಾಡಿಸುವ ಸ, ಶ, ಚ, ಟ ಥರದ ಸದ್ದುಗಳ ಬಲವೆಲ್ಲ ಮೇಲೆ, ಹಲವು ಸಾವಿರ ಹರ್ಟ್ಸ್‌ನಲ್ಲಿರುತ್ತದೆ. ಅದೂ ಅಲ್ಲದೆ ಮಾತು ಕ್ಷಣಕ್ಕೊಂದು ಥರ ಬದಲಾಗುತ್ತದೆ, ಫ್ಯಾನಿನ ಹಾಗೆ ಒಂದೇ ಸಮನೆ ಇರುವುದಿಲ್ಲ. ಇಷ್ಟು ದಿನ ಎಸಿಯ ಗುಂಯ್ ಸದ್ದು ಆ ಮಾತನ್ನು ಮುಚ್ಚಿಟ್ಟಿತ್ತು. ಈಗ ಆ ಹೊದಿಕೆ ತೆಗೆದಿದ್ದೀರಿ, ಮಾತು ಎದ್ದು ಕೇಳುತ್ತದೆ. ಮೆಲ್ಲಗೆ ಒಂದು ಹಾಡು, ಅಥವಾ ಮಳೆಯ ಸದ್ದು ಹಾಕಿಕೊಳ್ಳಿ, ಮಾತು ಮತ್ತೆ ಮುಚ್ಚಿಹೋಗುತ್ತದೆ.

ಪ್ರಶ್ನೆ: ಇದನ್ನು ಕಂಡುಹಿಡಿದವರು ಯಾರು? ಇದು ಇತ್ತೀಚಿನದ್ದಾ?

ಉತ್ತರ: ಯೋಚನೆ ಹಳೆಯದು. ಜರ್ಮನಿಯ ಪೌಲ್ ಲ್ಯೂಗ್ ಅನ್ನುವವರಿಗೆ 1936ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಕೊಳವೆಯಲ್ಲಿ ಬರುವ ಸದ್ದನ್ನು ಮೈಕಿನಿಂದ ಹಿಡಿದು, ಮುಂದೆ ಇಟ್ಟ ಸ್ಪೀಕರಿನಿಂದ ಅದರ ಉಲ್ಟಾ ಅಲೆಯನ್ನು ಬಿಡುವ ಚಿತ್ರ ಅದರಲ್ಲಿದೆ. ಆದರೆ ಆಗಿನ ವಾಲ್ವ್ (ದೊಡ್ಡ ಗಾಜಿನ ಕೊಳವೆ) ಕಾಲದ ಸಾಮಾನಿನಲ್ಲಿ ಅದನ್ನು ಕಿವಿಯ ಮೇಲೆ ಇಡುವುದು ಆಗದ ಮಾತು. 1950ರ ದಶಕದಲ್ಲಿ ಅಮೆರಿಕದ ಲಾರೆನ್ಸ್ ಫೋಗೆಲ್ ವಿಮಾನ, ಹೆಲಿಕಾಪ್ಟರ್ ಪೈಲಟ್‌ಗಳಿಗಾಗಿ ಇದರ ಮೇಲೆ ಕೆಲಸ ಮಾಡಿ ಪೇಟೆಂಟ್ ಪಡೆದರು.

ನಮಗೆ ಇವತ್ತು ಸಿಗುವ ರೂಪಕ್ಕೆ ಬಂದಿದ್ದರ ಹಿಂದೆ ಅಮರ್ ಬೋಸ್ ಇದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು, ಬೋಸ್ ಕಂಪನಿ ಕಟ್ಟಿದವರು. 1978ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ವಾಪಸ್ ಬರುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಎಂಜಿನ್ ಸದ್ದಿನಲ್ಲಿ ಸಂಗೀತವೇ ಸರಿಯಾಗಿ ಕೇಳಲಿಲ್ಲ. ಕೂತ ಸೀಟಿನಲ್ಲೇ ಲೆಕ್ಕ ಶುರುಮಾಡಿದರು. ಆಮೇಲೆ ಅದು ಮಾರುಕಟ್ಟೆಗೆ ಬರಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 1986ರ ಡಿಸೆಂಬರಿನಲ್ಲಿ ವಾಯೇಜರ್ ಅನ್ನುವ ಹಗುರ ವಿಮಾನ ಎಲ್ಲೂ ಇಳಿಯದೆ, ಎಲ್ಲೂ ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿ ಬಂತಲ್ಲ, ಅದರಲ್ಲಿದ್ದ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಅವರ ಕಿವಿಯ ಮೇಲಿದ್ದದ್ದು ಈ ಹೆಡ್‌ಸೆಟ್‌ಗಳ ಪ್ರಯೋಗದ ಮಾದರಿಗಳು. ಒಂಬತ್ತು ದಿನ ಎಂಜಿನ್ನಿನ ಪಕ್ಕದಲ್ಲೇ ಬದುಕಿದವರು ಅವರು, ಇದಕ್ಕಿಂತ ಕಠಿಣ ಪರೀಕ್ಷೆ ಎಲ್ಲಿ ಸಿಗುತ್ತದೆ ಹೇಳಿ. 1989ರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ಮಾರಾಟಕ್ಕೆ ಬಂತು, 2000ದಲ್ಲಿ ನಮ್ಮಂಥ ಸಾಮಾನ್ಯರಿಗೆ ಬೋಸ್ ಕಂಪನಿಯ ಕ್ವೈಯಟ್‌ಕಂಫರ್ಟ್ ಹೆಡ್‌ಫೋನ್ ಬಂತು.

ಪ್ರಶ್ನೆ: ಹಾಡು ಹಾಕದೆ ಬರೀ ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿದರೆ ಕಿವಿ ಅದುಮಿದ ಹಾಗೆ ಆಗುತ್ತೆ. ಎದುರು ಸದ್ದಿನಿಂದ ಕಿವಿಗೆ ಪೆಟ್ಟಾಗುತ್ತಾ?

ಉತ್ತರ: ಪೆಟ್ಟಾಗುವುದಿಲ್ಲ. ಎದುರು ಸದ್ದು ಕಿವಿಗೆ ಬೇರೆಯಾಗಿ ಬಂದು ಬೀಳುವುದಿಲ್ಲ, ಹೊರಗಿನದ್ದರ ಜೊತೆ ಸೇರಿ ಏನು ಉಳಿಯುತ್ತದೋ ಅದಷ್ಟೇ ಕಿವಿತಮಟೆಗೆ ಮುಟ್ಟುವುದು, ಮತ್ತು ಆ ಉಳಿಕೆ ಮೊದಲಿದ್ದದ್ದಕ್ಕಿಂತ ಕಡಿಮೆ. ಅದುಮಿದ ಹಾಗೆ ಅನಿಸುವುದು ನಿಜ, ತುಂಬಾ ಜನರಿಗೆ ಹಾಗನಿಸುತ್ತದೆ. ಆದರೆ ಅಲ್ಲಿ ಒತ್ತಡ ಏರಿರುವುದಿಲ್ಲ, ಈ ಸ್ಪೀಕರಿಗೆ ಒಂದೇ ಸಮನೆ ಒತ್ತಿ ಹಿಡಿಯುವ ಶಕ್ತಿಯೇ ಇಲ್ಲ. ದಪ್ಪ ಸದ್ದುಗಳು ಮಾತ್ರ ಏಕಾಏಕಿ ಮಾಯವಾಗಿ ಮೇಲಿನವು ಉಳಿದಾಗ, ವಿಮಾನ ಏರುವಾಗಲೋ ಇಳಿಯುವಾಗಲೋ ಕಿವಿ ಕಟ್ಟಿಕೊಳ್ಳುತ್ತದಲ್ಲ, ಅದೇ ಆಯಿತೆಂದು ಮಿದುಳು ಅಂದುಕೊಳ್ಳುತ್ತದೆ ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಬೇಡ ಅನಿಸಿದರೆ ಬಲ ಕಡಿಮೆ ಮಾಡಿ, ಈಗಿನ ಎಷ್ಟೋ ಹೆಡ್‌ಫೋನ್‌ಗಳಲ್ಲಿ ಹಂತ ಹಂತವಾಗಿ ಇಳಿಸಲು ಬರುತ್ತದೆ.

ನಿಜವಾದ ಅಪಾಯ ಇರುವುದು ಹಾಡಿನ ವಾಲ್ಯೂಮಿನಲ್ಲಿ. ಜೆಟ್ ವಿಮಾನದ ಒಳಗೆ 80 ಡೆಸಿಬಲ್ ಆಸುಪಾಸಿನ ಗದ್ದಲ ಇರುತ್ತದೆ. ಮಾಮೂಲಿ ಇಯರ್‌ಫೋನ್ ಹಾಕಿಕೊಂಡವರು ಅದನ್ನು ಮೀರಿಸಿ ಹಾಡು ಕೇಳಬೇಕು, ಅಲ್ವಾ? ವಾಲ್ಯೂಮ್ ಏರಿಸುತ್ತಾರೆ, ಅದೇ ಅಭ್ಯಾಸವಾಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ಬರೀ 4 ಗಂಟೆ. ಗದ್ದಲ ಅಡಗಿದರೆ ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಈ ಹೆಡ್‌ಫೋನಿನ ದೊಡ್ಡ ಉಪಕಾರ ಇದು ಅಂತ ನಾನು ನಂಬಿದ್ದೇನೆ. ಮಕ್ಕಳು ಬಸ್ಸಿನಲ್ಲಿ, ರೈಲಿನಲ್ಲಿ ಗಂಟೆಗಟ್ಟಲೆ ಹಾಡು ಕೇಳುತ್ತಾರೆ ಅಂತ ಚಿಂತೆ ಮಾಡುವ ತಂದೆ ತಾಯಿ ಇದನ್ನು ಗಮನಿಸಬೇಕು. ಆದರೆ ಆನ್ ಮಾಡಿಯೂ ವಾಲ್ಯೂಮ್ ಮೊದಲಿನಷ್ಟೇ ಇಟ್ಟರೆ ಏನೂ ಉಪಯೋಗವಾಗಲಿಲ್ಲ.

ಪ್ರಶ್ನೆ: ನಾನು ಕನ್ನಡಕ ಹಾಕುತ್ತೇನೆ. ಅದೇ ಹೆಡ್‌ಫೋನ್ ತಂಗಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ನನಗೆ ಅಷ್ಟಿಲ್ಲ. ಯಾಕೆ?

ಉತ್ತರ: ಕನ್ನಡಕದ ಕಡ್ಡಿಯೇ ಕಾರಣ. ಕಡ್ಡಿ ಕುಶನ್ನಿನ ಕೆಳಗೆ ಹಾದುಹೋಗುವ ಜಾಗದಲ್ಲಿ, ಕಿವಿಯ ಮುಂದೆ ಒಂದು, ಹಿಂದೆ ಒಂದು, ಸಣ್ಣ ಸಂದು ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ದಪ್ಪ ಸದ್ದಿಗೆ ಅಷ್ಟೇ ಸಾಕು. ಹೊರಗಿನದ್ದು ಒಳಗೆ ನುಗ್ಗುತ್ತದೆ, ಎದುರು ಸದ್ದೂ ಅದೇ ಸಂದಿನಿಂದ ಸೋರಿಹೋಗುತ್ತದೆ. ಹೀಗೆ ನೋಡಿ: ಫ್ಯಾನಿನ ಹತ್ತಿರ ಕೂತು ಹಾಡಿಲ್ಲದೆ ಆನ್ ಮಾಡಿ, ಕಡ್ಡಿ ಇರುವ ಕಡೆ ಕಪ್ಪಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಗುಂಯ್ ಅನ್ನುವುದು ತಟ್ಟನೆ ಕಡಿಮೆಯಾದರೆ ಸೋರುತ್ತಿರುವುದು ಅಲ್ಲೇ. ತೆಳ್ಳಗಿನ ಕಡ್ಡಿಯ ಫ್ರೇಮ್, ಮೆತ್ತಗಿನ ದಪ್ಪ ಕುಶನ್ ಇದ್ದರೆ ತುಂಬಾ ವ್ಯತ್ಯಾಸ ಕಾಣುತ್ತದೆ. ಕುಶನ್ ಹಳೆಯದಾಗಿ ಸಿಪ್ಪೆ ಏಳುತ್ತಿದ್ದರೆ ಬದಲಾಯಿಸಿ.

ಕಿವಿಯೊಳಗೆ ಹಾಕುವ ಇಯರ್‌ಬಡ್ ಆದರೆ ಕನ್ನಡಕದ ತೊಂದರೆ ಇಲ್ಲ, ಅಲ್ಲಿ ಎಲ್ಲ ಆ ರಬ್ಬರ್ ತುದಿಯ ಮೇಲೆ ನಿಂತಿದೆ. ಡಬ್ಬಿಯಲ್ಲಿ ಬಂದ ಸಣ್ಣದು, ದೊಡ್ಡದು ಎರಡನ್ನೂ ಹಾಕಿ ನೋಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ದುಬಾರಿ ಬಡ್ ತಗೊಂಡು ಸಡಿಲ ತುದಿಯಲ್ಲೇ ಬಳಸುವವರು ಬಹಳ ಜನ ಇದ್ದಾರೆ, ಅವರಿಗೆ ಅರ್ಧ ಲಾಭವೂ ಸಿಗುವುದಿಲ್ಲ.

ಪ್ರಶ್ನೆ: ಡಬ್ಬಿಯ ಮೇಲೆ ಇಎನ್‌ಸಿ ಅಂತ ಇತ್ತು, ತಗೊಂಡೆ. ಗದ್ದಲ ಏನೂ ಕಡಿಮೆ ಆಗಲಿಲ್ಲ. ಮೋಸ ಹೋದೆನಾ?

ಉತ್ತರ: ಇಎನ್‌ಸಿ ಬೇರೆ, ಎಎನ್‌ಸಿ (ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್, ಇಷ್ಟು ಹೊತ್ತು ಹೇಳಿದ ಎದುರು ಸದ್ದಿನ ತಂತ್ರ) ಬೇರೆ. ಇಎನ್‌ಸಿ ಕೆಲಸ ಮಾಡುವುದು ನೀವು ಫೋನಿನಲ್ಲಿ ಮಾತಾಡುವಾಗ, ನಿಮ್ಮ ಮೈಕಿಗೆ ಬೀಳುವ ಗದ್ದಲವನ್ನು ಸೋಸಿ ಆ ಕಡೆಯವರಿಗೆ ನಿಮ್ಮ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಲಾಭ ಅವರಿಗೆ. ನಿಮ್ಮ ಕಿವಿಗೆ ಬೇಕಾದದ್ದು ಎಎನ್‌ಸಿ. ಅಂಗಡಿಯಲ್ಲಿ ಕೊಳ್ಳುವ ಮೊದಲು ಈ ಮೂರು ಅಕ್ಷರ ಸರಿಯಾಗಿ ಓದಿ.

ಪ್ರಶ್ನೆ: ಯಾವ ಯಾವ ಕಡೆ ನಿಜಕ್ಕೂ ಉಪಯೋಗ? ಓದುವಾಗ, ಮಲಗುವಾಗ, ನಡೆಯುವಾಗ ಹಾಕಬಹುದಾ?

ಉತ್ತರ: ಒಂದೇ ಸಮನೆ ಗುಂಯ್ ಅನ್ನುವ ದಪ್ಪ ಸದ್ದು ಎಲ್ಲಿದೆಯೋ ಅಲ್ಲಿ ಕಣ್ಣುಮುಚ್ಚಿ ಹಾಕಿ. ವಿಮಾನ ಇದಕ್ಕೆ ಹೇಳಿ ಮಾಡಿಸಿದ ಜಾಗ. ರೈಲು, ಬಸ್ಸು, ಎಸಿ ಹಾಕಿದ ಆಫೀಸು, ಜನರೇಟರ್ ಓಡುವ ಕಡೆ, ಎಲ್ಲವೂ ಅದೇ ಸಾಲಿಗೆ ಬರುತ್ತವೆ. ಉದ್ದದ ಪ್ರಯಾಣ ಮುಗಿಸಿ ಇಳಿದಾಗ ತಲೆ ಭಾರವಾಗಿರುತ್ತದಲ್ಲ, ಅದರಲ್ಲಿ ಆ ಗುಂಯ್ ಸದ್ದಿನ ಪಾಲೂ ಇದೆ ಅಂತ ಒಂದು ಸಲ ಹಾಕಿಕೊಂಡು ಹೋದವರಿಗೆ ಗೊತ್ತಾಗುತ್ತದೆ. ಓದುವಾಗಲೂ ಒಳ್ಳೆಯದೇ, ಹಾಡು ಬೇಕಂತಿಲ್ಲ, ಬರೀ ಆನ್ ಮಾಡಿ ಕೂತರೂ ಕೆಲಸ ಮಾಡುತ್ತದೆ. ಸದ್ದಿಗೆ ಬೇಗ ಕಂಗೆಡುವ ಮಕ್ಕಳಿಗೆ, ದೊಡ್ಡವರಿಗೆ ಗದ್ದಲದ ಜಾಗದಲ್ಲಿ ಇದು ದೊಡ್ಡ ಆಸರೆ. ಹಾಗಂತ ಮನೆಯ ಮಾಮೂಲಿ ಸದ್ದಿಗೂ ಇಡೀ ದಿನ ಹಾಕಿಕೊಂಡೇ ಇರುವುದು ಬೇಡ, ಕಿವಿಗೆ ಸಣ್ಣ ಸದ್ದೂ ಸಹಿಸಲಾಗದ ಅಭ್ಯಾಸವಾಗಬಹುದು.

ಮಲಗುವಾಗ ಗೊರಕೆ ನಿಲ್ಲುತ್ತದಾ ಅಂತ ತುಂಬಾ ಜನ ಕೇಳಿದ್ದೀರಿ. ಗೊರಕೆಯ ದಪ್ಪ ಭಾಗ ಇಳಿಯುತ್ತದೆ, ಗರಗರ ಅನ್ನುವುದು ಉಳಿಯುತ್ತದೆ. ಅಲಾರಾಂ, ಮಗುವಿನ ಅಳು, ಬಾಗಿಲ ಬೆಲ್ ಕೇಳಿಸಿಕೊಳ್ಳಬೇಕಾದವರು ಯೋಚನೆ ಮಾಡಿ ಹಾಕಿ.

ರಸ್ತೆಯಲ್ಲಿ ಬೇಡ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಹಿಂದಿನಿಂದ ಬರುವ ಗಾಡಿಯ ಎಂಜಿನ್, ಟಯರಿನ ಸದ್ದು ಕೆಳಗಿನ ಹರ್ಟ್ಸ್‌ನಲ್ಲೇ ಇರುತ್ತದೆ, ಈ ಹೆಡ್‌ಫೋನ್ ಮೊದಲು ಅಳಿಸುವುದು ಅದನ್ನೇ. ಹಾರ್ನ್ ಕೇಳಬಹುದು, ಆದರೆ ಹಾರ್ನ್ ಹೊಡೆಯದ ಗಾಡಿಯೇ ಜಾಸ್ತಿ ಅಪಾಯ. ನಡೆಯುವಾಗ, ಸೈಕಲ್ ತುಳಿಯುವಾಗ ಆಫ್ ಮಾಡಿದರೂ ಸಾಲದು, ಕಪ್ಪು ಕಿವಿ ಮುಚ್ಚಿಯೇ ಇರುತ್ತದೆ. ತೆಗೆದು ಕುತ್ತಿಗೆಗೆ ಹಾಕಿಕೊಳ್ಳಿ. ಹೊರಗಿನ ಸದ್ದನ್ನು ಮೈಕಿನಿಂದ ಒಳಗೆ ಬಿಡುವ ಟ್ರಾನ್ಸ್‌ಪರೆನ್ಸಿ ಮೋಡ್ ನಿಲ್ದಾಣದಲ್ಲಿ ಘೋಷಣೆ ಕೇಳಲು ಚೆನ್ನಾಗಿದೆ, ಆದರೆ ರಸ್ತೆಯಲ್ಲಿ ಅದರ ಮೇಲೂ ಪೂರ್ತಿ ಭರವಸೆ ಇಡಬೇಡಿ. ಗಾಳಿ ಜೋರಾಗಿದ್ದರೆ ಮೈಕಿಗೆ ಗಾಳಿ ಬಡಿದು ಬುಸ್ ಬುಸ್ ಅನ್ನುವುದೇ ಕೇಳುತ್ತದೆ.

ಪ್ರಶ್ನೆ: ಲೋಹ ಕತ್ತರಿಸುವ ಶೆಡ್ಡಿನಲ್ಲಿ ಕೆಲಸ. ಮಾಲೀಕರು ಕೊಟ್ಟ ಇಯರ್ ಮಫ್ ಸೆಕೆ. ಅದರ ಬದಲು ಈ ಹೆಡ್‌ಫೋನ್ ಹಾಕಬಹುದಾ?

ಉತ್ತರ: ದಯವಿಟ್ಟು ಬೇಡ. ಕತ್ತರಿಸುವ ಮೆಷಿನ್ನಿನ ಚೀರು, ಸುತ್ತಿಗೆಯ ಟಣ್ ಟಣ್, ಇವೆಲ್ಲ ಎತ್ತರದ, ದಿಢೀರನೆ ಬರುವ ಸದ್ದುಗಳು. ಚಿಪ್ಪಿನ ಕೈಗೆ ಸಿಗದವೇ ಅವು. ಇಯರ್ ಮಫ್ ಅನ್ನು ಎಷ್ಟು ಡೆಸಿಬಲ್ ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಮೇಲೆ ಬರೆದಿರುತ್ತಾರೆ, ಹಾಡು ಕೇಳುವ ಹೆಡ್‌ಫೋನಿಗೆ ಸಾಮಾನ್ಯವಾಗಿ ಆ ಪರೀಕ್ಷೆ ಆಗಿರುವುದಿಲ್ಲ. ಬ್ಯಾಟರಿ ಮುಗಿದರೆ ಎದುರು ಸದ್ದಿನ ರಕ್ಷಣೆಯೂ ಹೋಯಿತು. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬಲ್ ಇದ್ದರೆ ದಿನಕ್ಕೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು 15 ನಿಮಿಷ. ಸದ್ದನ್ನು ಗ್ರಹಿಸುವ ಕೂದಲುಕೋಶ ಒಳಕಿವಿಯಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಫ್ ಸೆಕೆಯಾದರೆ ಕಿವಿಯೊಳಗೆ ಹಾಕುವ ಫೋಮ್ ಪ್ಲಗ್ ಕೇಳಿ ಪಡೆಯಿರಿ. ಕೆಲಸಕ್ಕೇ ಅಂತ ಪರೀಕ್ಷೆ ಮಾಡಿ ತಯಾರಿಸಿದ ಎಲೆಕ್ಟ್ರಾನಿಕ್ ಮಫ್‌ಗಳೂ ಇವೆ, ಅವು ಬೇರೆ ವಸ್ತು.

ಪ್ರಶ್ನೆ: ವಿಜ್ಞಾನದ ವಿದ್ಯಾರ್ಥಿನಿ. ಸದ್ದಿಗೆ ಸದ್ದು ಹೊಡೆದುಹೋದರೆ ಅದರ ಶಕ್ತಿ ಎಲ್ಲಿಗೆ ಹೋಯಿತು? ಶಕ್ತಿ ನಾಶವಾಗುವುದಿಲ್ಲ ಅಲ್ವಾ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಬಯಲಿನಲ್ಲಿ ಎರಡು ಸ್ಪೀಕರ್ ಇಟ್ಟು ಹೀಗೆ ಮಾಡಿದರೆ ಒಂದು ಕಡೆ ಸದ್ದು ಅಡಗುತ್ತದೆ, ಇನ್ನೊಂದು ಕಡೆ ಜಾಸ್ತಿಯಾಗುತ್ತದೆ. ಶಕ್ತಿ ಜಾಗ ಬದಲಾಯಿಸಿತು ಅಷ್ಟೇ. ಕಪ್ಪಿನ ಒಳಗಿನ ಕಥೆ ಬೇರೆ. ಹೊರಗಿನ ಅಲೆ ಕಪ್ಪಿನೊಳಗಿನ ಗಾಳಿಯನ್ನು ಹಿಂಡಲು ಬಂದಾಗ ಸ್ಪೀಕರಿನ ಪರದೆ ಸರಿಯಾಗಿ ಅಷ್ಟೇ ಹಿಂದೆ ಸರಿಯುತ್ತದೆ. ಜಾಗ ಬಿಟ್ಟುಕೊಟ್ಟದ್ದರಿಂದ ಗಾಳಿ ಹಿಂಡಲ್ಪಡುವುದೇ ಇಲ್ಲ, ಒತ್ತಡ ಹುಟ್ಟುವುದೇ ಇಲ್ಲ. ಒಳಗೆ ಬರಬೇಕಾದ ಅಲ್ಪಸ್ವಲ್ಪ ಶಕ್ತಿ ಪರದೆಯನ್ನು ತಳ್ಳುವುದರಲ್ಲಿ ಖರ್ಚಾಗಿ, ಒಂದು ಪಾಲು ಹೊರಕ್ಕೇ ವಾಪಸಾಗುತ್ತದೆ.

ಇದೇ ಕಾರಣಕ್ಕೆ ಇಡೀ ಕೋಣೆಯನ್ನು ಹೀಗೆ ನಿಶ್ಶಬ್ದ ಮಾಡುವುದು ಕಷ್ಟ (ಇದನ್ನೂ ಕೆಲವರು ಕೇಳಿದ್ದರು). ಸದ್ದು ಅಡಗುವ ಜಾಗ ಅಲೆಯ ಉದ್ದದ ಹತ್ತನೇ ಒಂದು ಭಾಗದಷ್ಟು ಮಾತ್ರ ಇರುತ್ತದೆ. 100 ಹರ್ಟ್ಸ್‌ನ ಅಲೆ 3.4 ಮೀಟರ್ ಉದ್ದ, ಹಾಗಾಗಿ ತಲೆಯ ಸುತ್ತ ಒಂದಡಿ ಜಾಗ ಸಿಗಬಹುದು. 1000 ಹರ್ಟ್ಸ್‌ಗೆ ಅದು 3 ಸೆಂಟಿಮೀಟರ್ ಚಿಲ್ಲರೆ. ತಲೆ ತಿರುಗಿಸಿದರೆ ಹೋಯಿತು. ಕೆಲವು ಕಾರುಗಳಲ್ಲಿ ಎಂಜಿನ್ ಮತ್ತು ರಸ್ತೆಯ ದಪ್ಪ ಸದ್ದನ್ನು ಕಾರಿನ ಸ್ಪೀಕರ್‌ಗಳಿಂದಲೇ ಇಳಿಸುವುದು ಸಾಧ್ಯವಾಗಿರುವುದು ಕೂರುವ ಜಾಗ ಮೊದಲೇ ಗೊತ್ತಿರುವುದರಿಂದ.

ಪ್ರಶ್ನೆ: ನನ್ನ ಕಿವಿಯಲ್ಲಿ ಸದಾ ಕೀಂಯ್ ಅನ್ನುತ್ತಿರುತ್ತೆ. ಇದು ಅದನ್ನು ಅಡಗಿಸುತ್ತಾ?

ಉತ್ತರ: ಇಲ್ಲ. ಆ ಸದ್ದು ಗಾಳಿಯಲ್ಲಿಲ್ಲ, ಆದ್ದರಿಂದ ಮೈಕಿಗೆ ಸಿಗುವುದಿಲ್ಲ. ಸುತ್ತಲಿನದ್ದು ಅಡಗಿದಾಗ ಅದು ಇನ್ನೂ ಎದ್ದು ಕೇಳಬಹುದು. ಹಾಕಿಕೊಂಡಾಗ ಮೆಲ್ಲಗೆ ಏನಾದರೂ ಸದ್ದು ಇಟ್ಟುಕೊಳ್ಳಿ, ಮತ್ತು ಕಿವಿಯ ಡಾಕ್ಟರನ್ನು ಒಮ್ಮೆ ಕಾಣಿ, ಮುಂದೂಡಬೇಡಿ.

ಪ್ರಶ್ನೆ: ಆನ್ ಮಾಡಿದಾಗ ಸಣ್ಣಗೆ ಸ್‌ಸ್ ಅಂತ ಕೇಳುತ್ತೆ. ರಿಪೇರಿಗೆ ಕೊಡಬೇಕಾ?

ಉತ್ತರ: ಬೇಡ. ಅದು ಮೈಕ್ ಮತ್ತು ಅದರ ಸರ್ಕ್ಯೂಟಿನದೇ ಸದ್ದು, ಎಲ್ಲದರಲ್ಲೂ ಸ್ವಲ್ಪ ಇರುತ್ತದೆ, ಪೂರ್ತಿ ಸದ್ದಿಲ್ಲದ ಕೋಣೆಯಲ್ಲಿ ಎದ್ದು ಕೇಳುತ್ತದೆ. ಒಂದೇ ಕಿವಿಯಲ್ಲಿ ಬಂದರೆ, ಅಥವಾ ದವಡೆ ಅಲುಗಿಸಿದಾಗ ಪಟಪಟ ಅಂದರೆ ಮಾತ್ರ ತೋರಿಸಿ. ಅದಕ್ಕೂ ಮೊದಲು ಮೈಕಿನ ಸಣ್ಣ ಜಾಲರಿಯಲ್ಲಿ ಕಿವಿಯ ಕುಗ್ಗೆಯೋ ಧೂಳೋ ಕಟ್ಟಿದೆಯಾ ನೋಡಿ, ಒಣಗಿದ ಮೆತ್ತನೆಯ ಬ್ರಶ್ಶಿನಿಂದ ಒರೆಸಿ. ನೀರು ಹಾಕಬೇಡಿ, ಪಿನ್ನಿನಿಂದ ಚುಚ್ಚಬೇಡಿ.